ಸಿಹಿ ಇದೆ, ಸಕ್ಕರೆ ಇಲ್ಲ

ಬೇಕರಿ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲು ಇರುವುದು ಕೈ ಸುಟ್ಟುಕೊಳ್ಳುವ ಭಯ. ಅದು ವಾರದೊಳಗೆ ಹೋಗುತ್ತದೆ. ಎರಡು ಸಲ ಸುಟ್ಟುಕೊಂಡ ಮೇಲೆ ಮೂರನೆಯ ಸಲ ಬಾಯಲ್ಲಿ ಊದಿಕೊಂಡು ಕೆಲಸ ಮುಂದುವರಿಸುತ್ತೇವೆ. ನಾನು ಬರೆಯಹೊರಟಿರುವುದು ಇಪ್ಪತ್ತೇಳು ವರ್ಷ ಕೆಲಸ ಮಾಡಿದರೂ ಹೋಗದ ಇನ್ನೊಂದು ಭಯದ ವಿಷಯ. ನಾವು ಮಾಡಿದ್ದನ್ನು ಯಾರೋ ನಂಬಿ ತಿನ್ನುತ್ತಾರಲ್ಲ, ಆ ಭಯ.

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಬೇಕರಿಗೆ ನಾನು ಸೇರಿದ್ದು ಬ್ರೆಡ್ಡಿಗೆ ಕಾಗದ ಸುತ್ತುವವಳಾಗಿ. ಹೊರಬರುವಾಗ ಸಕ್ಕರೆ ಹಾಕದ ತಿಂಡಿಗಳ ಕೋಣೆಯೊಂದು ಪೂರ್ತಿ ನನ್ನ ಕೈಯಲ್ಲಿತ್ತು. ನಡುವೆ ಹೇಗೆ ಮೇಲೆ ಬಂದೆ ಎನ್ನುವುದರಿಂದ ನಿಮಗೇನೂ ಉಪಯೋಗವಿಲ್ಲ, ಬಿಡಿ. ಮಾಲೀಕರು ವಾಮನಣ್ಣ. ಅವರು ನನ್ನನ್ನು ಸುಮಿತ್ರಾ ಎಂದು ಕರೆದದ್ದಕ್ಕಿಂತ 'ಪುಕ್ಕಲಿ' ಎಂದು ಕರೆದದ್ದೇ ಹೆಚ್ಚು. ಪಫ್ಸಿನ ಪಲ್ಯ ಹಳಸಿದೆಯೋ ಎಂದು ಮೂರು ಸಲ ಮೂಸಿ ನೋಡುವವಳಿಗೆ ಬೇರೇನು ಹೆಸರಿಡುತ್ತಾರೆ?

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ವಾಮನಣ್ಣ ಬೆಂಗಳೂರಿಗೆ ಹೋದವರು ಬಣ್ಣದ ಕಾಗದ ಸುತ್ತಿದ ಬೆರಳುದ್ದದ ಒಂದು ತಿಂಡಿ ತಂದು ನನ್ನ ಮುಂದಿಟ್ಟರು. ಕೆಳಗೆ ಬಿಸ್ಕತ್ತಿನಂಥ ತಳ, ನಡುವೆ ಕ್ಯಾರಮೆಲ್, ಮೇಲೆ ಚಾಕೊಲೇಟ್. ತಿಂದೆ, ಚೆನ್ನಾಗಿತ್ತು.

"ಇದ್ರಲ್ಲಿ ಸಕ್ಕರೆನೂ ಇಲ್ಲ, ಮೈದಾನೂ ಇಲ್ಲ ಮಾರಾಯ್ತಿ. ಶುಗರ್ ಇದ್ದೋರು ತಿನ್ಬಹುದು. ನೀನು ಮಾಡು."

"ನಾನಾ? ಪೌಲೋಸಣ್ಣ ಇದಾರಲ್ಲ?"

"ಪೌಲೋಸಂಗೆ ಧೈರ್ಯ ಜಾಸ್ತಿ. ಇದಕ್ಕೆ ಹೆದರೋರೇ ಬೇಕು."

ಪೌಲೋಸಣ್ಣ ನಮ್ಮ ಭಟ್ಟಿಯ ಮಾಸ್ಟರ್. ನರಸಿಂಹರಾಜಪುರದ ಕಡೆಯವರು. ಕಟ್ಟಿಗೆಯ ಭಟ್ಟಿಯೊಳಗೆ ಅಂಗೈ ಒಡ್ಡಿ, ಹತ್ತು ಎಣಿಸಿ, 'ಇದು ಬನ್ನಿನ ಬಿಸಿ, ಇದು ರಸ್ಕಿನ ಬಿಸಿ' ಎಂದು ಹೇಳುತ್ತಿದ್ದ ಮನುಷ್ಯ. ತಕ್ಕಡಿ ಮುಟ್ಟಿದವರಲ್ಲ. ಕೈ ಅಳತೆಯಲ್ಲೇ ಒಂದು ಗುಲಗಂಜಿ ಹೆಚ್ಚುಕಡಿಮೆಯಾಗದ ಹಾಗೆ ಹಿಟ್ಟು ಕಲಸುತ್ತಿದ್ದರು. ಅವರನ್ನು ನೋಡಿಯೇ ನಾನು ಎಲ್ಲವನ್ನೂ ಕಲಿತದ್ದು. ಮುಂದೆ ಬರೆಯುವುದನ್ನು ಓದುವಾಗ ನೀವು ಈ ಮಾತನ್ನೂ ನೆನಪಿಡಬೇಕು.

ಕೊಪ್ಪದಲ್ಲೇ ಕ್ಲಿನಿಕ್ ಇಟ್ಟಿದ್ದ ಒಬ್ಬ ಡಾಕ್ಟರಮ್ಮನ ಹತ್ತಿರ ಹೋಗಿ, ಏನು ಹಾಕಬಹುದು ಏನು ಹಾಕಬಾರದು ಎಂದು ಬರೆಸಿಕೊಂಡು ಬಂದೆ. ತಳಕ್ಕೆ ಬಾದಾಮಿ ಪುಡಿ, ಒಣಕೊಬ್ಬರಿ, ಬೆಣ್ಣೆ. ಸಿಹಿಗೆ ಬೆಂಗಳೂರಿನಿಂದ ತರಿಸಿದ ಎರಡು ಬಗೆಯ ಪುಡಿ. ಒಂದು ಚಿಟಿಕೆಯಲ್ಲೇ ಸಿಹಿ ಕೊಡುವಂಥದು, ಇನ್ನೊಂದು ಸಕ್ಕರೆಯ ಜಾಗ ತುಂಬುವಂಥದು. ಬ್ರೆಡ್ ತೆಗೆದ ಮೇಲೆ ಭಟ್ಟಿಯ ಇಳಿಬಿಸಿಯಲ್ಲಿ ತಳ ಬೇಯಿಸುವುದು ಬೇಗ ಕೈಗೆ ಬಂತು. ನನ್ನ ಜೀವ ಹಿಂಡಿದ್ದು ಕ್ಯಾರಮೆಲ್. ಸಕ್ಕರೆಯಾದರೆ ಬಾಣಲೆಯಲ್ಲಿ ಕರಗಿ ತಾನಾಗಿಯೇ ಕಂದು ಬಣ್ಣಕ್ಕೆ ತಿರುಗುತ್ತದೆ. ಈ ಪುಡಿಗಳು ಎಷ್ಟು ಕಾಯಿಸಿದರೂ ಸುಣ್ಣದ ನೀರಿನ ಬಣ್ಣದಲ್ಲೇ ಇರುತ್ತಿದ್ದವು. ತಿಂದರೆ ಸಿಹಿ, ನೋಡಿದರೆ ಗೋಡೆಗೆ ಬಳಿಯಬೇಕು ಅನ್ನಿಸುವಂತೆ.

ದಾರಿ ತೋರಿಸಿದ್ದು ನನ್ನ ಮನೆಯ ತುಪ್ಪದ ಪಾತ್ರೆ. ಬೆಣ್ಣೆ ಕಾಯಿಸಿದಾಗ ತಳದಲ್ಲಿ ಕಂದು ಗಸಿ ಉಳಿಯುತ್ತದಲ್ಲ, ಮಕ್ಕಳು ಬೆರಳಿನಲ್ಲಿ ಬಳಿದು ತಿನ್ನುವುದು, ಅದನ್ನೇ ಅರೆದು ಕೆನೆಯ ಜೊತೆ ಸಣ್ಣ ಉರಿಯಲ್ಲಿ ಕುದಿಸಿದೆ. ಬಣ್ಣ ಬಂತು, ಪರಿಮಳವೂ ಬಂತು. ಆದರೆ ಸಣ್ಣ ಉರಿ ಎಂದರೆ ಒಂದೂವರೆ ಗಂಟೆ ಕೈ ಬಿಡದೆ ತಿರುಗಿಸಬೇಕು. ಕೈ ಬಿಟ್ಟರೆ ತಳ ಹಿಡಿಯುತ್ತದೆ. ನಾನು ಬಿಡುತ್ತಿರಲಿಲ್ಲ.

ಅಂಗಡಿಯಲ್ಲಿ ಅದಕ್ಕೆ 'ಶುಗರ್‌ಲೆಸ್ಸು' ಎಂದೇ ಹೆಸರು ಬಿತ್ತು. ಪೆಟ್ಟಿಗೆಗಳು ಶೃಂಗೇರಿಗೆ, ಎನ್.ಆರ್. ಪುರಕ್ಕೆ ಬಸ್ಸಿನಲ್ಲಿ ಹೋಗತೊಡಗಿದವು. ಮೊದಲ ತಿಂಗಳಲ್ಲೇ ಒಂದು ಎಡವಟ್ಟು. ಶೃಂಗೇರಿಯ ಒಂದು ಲಾಡ್ಜಿನ ಮ್ಯಾನೇಜರರು, ಸಕ್ಕರೆ ಇಲ್ಲವಲ್ಲ ಎಂಬ ಧೈರ್ಯದಲ್ಲಿ ಒಂದೇ ಸಂಜೆ ಏಳು ತಿಂದು, ಮಾರನೆಯ ದಿನವೆಲ್ಲ ಪಾಯಿಖಾನೆ ಬಿಟ್ಟು ಹೊರಗೆ ಬರಲಿಲ್ಲ. ಫೋನ್ ಬಂತು. ಪೊಲೀಸರು ಬರುತ್ತಾರೆ ಎಂದುಕೊಂಡು ಸೀರೆ ಬದಲಿಸಿ ಕೂತಿದ್ದೆ, ಸ್ಟೇಷನ್ನಿಗೆ ಹೋಗುವಾಗ ಮೈದಾ ಮೆತ್ತಿದ ಸೀರೆ ಬೇಡ ಎಂದು. ಡಾಕ್ಟರಮ್ಮ ನಕ್ಕರು. ಜಾಗ ತುಂಬುವ ಆ ಪುಡಿ ಜಾಸ್ತಿಯಾದರೆ ಹೊಟ್ಟೆ ಕೆಡುತ್ತದೆ, ದಿನಕ್ಕೆ ಎರಡಕ್ಕಿಂತ ಹೆಚ್ಚು ಬೇಡ ಎಂದು ಬರೆಯಿರಿ ಎಂದರು. ಬರೆದೆವು.

ನಗು ಮುಗಿದ ಮೇಲೆ ಅವರು ಇನ್ನೊಂದು ಮಾತು ಹೇಳಿದರು. "ಹೊಟ್ಟೆ ಕೆಟ್ರೆ ಒಂದಿನ. ಆದ್ರೆ ನಿಮ್ಮ ಈ ತಿಂಡಿ ನಂಬಿ ಇಂಜೆಕ್ಷನ್ ತಗೊಳ್ಳೋರಿದಾರೆ ಸುಮಿತ್ರಾ. ಅದ್ರಲ್ಲಿ ಏನಿದೆ ಅಂತ ನಿಮ್ಗೆ ಗೊತ್ತಿಲ್ದೆ ಒಂದೂ ಹೊರಗೆ ಹೋಗ್ಬಾರ್ದು."

ಅವತ್ತಿನಿಂದ ಆ ಕೋಣೆಯಲ್ಲಿ ಮಡಿ ಶುರುವಾಯಿತು. ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಒರೆಸುವ ಬಟ್ಟೆ, ಎಲ್ಲದರ ಹಿಡಿಗೂ ಕೆಂಪು ದಾರ. ಹೊರಗೆ ಸಕ್ಕರೆ ಮುಟ್ಟಿದವರು ಕೈ ತೊಳೆಯದೆ ಹೊಸಿಲು ದಾಟುವಂತಿಲ್ಲ. ಪೌಲೋಸಣ್ಣ ಬಾಗಿಲಲ್ಲೇ ನಿಂತು, "ಸುಮಿತ್ರಕ್ಕ, ನಾನು ಒಳಗೆ ಬಂದ್ರೆ ಮೈಲಿಗೆ ಆಗ್ತದಾ?" ಎಂದು ರೇಗಿಸುತ್ತಿದ್ದರು.

ಡಾಕ್ಟರಮ್ಮ ಹೇಳಿದ ಆ 'ನಂಬಿದವರ' ಪೈಕಿ ಒಬ್ಬರ ಮುಖ ನನಗೆ ದಿನಾ ಕಾಣುತ್ತಿತ್ತು. ರುದ್ರಪ್ಪ ಮೇಷ್ಟ್ರು. ನಾನು ಹೈಸ್ಕೂಲಿನಲ್ಲಿದ್ದಾಗ ಡ್ರಿಲ್ ಮೇಷ್ಟ್ರಾಗಿದ್ದವರು. ಸೀಟಿ ಊದಿದರೆ ಮೈದಾನದಾಚೆಯ ದನವೂ ನೆಟ್ಟಗೆ ನಿಲ್ಲುತ್ತಿತ್ತು ಎಂದು ಹುಡುಗರು ಹೇಳುತ್ತಿದ್ದರು. ನಿವೃತ್ತಿಯ ಮೇಲೆ ಕೊಪ್ಪದಲ್ಲೇ ಮನೆ ಮಾಡಿಕೊಂಡಿದ್ದರು. ಸಕ್ಕರೆ ಕಾಯಿಲೆ ಬಂದು ಆರೇಳು ವರ್ಷವಾಗಿತ್ತು. ದಿನಾ ಬೆಳಗ್ಗೆ ಅವರ ಹೆಂಡತಿ ಗಿರಿಜಮ್ಮನೇ ಇನ್ಸುಲಿನ್ ಇಂಜೆಕ್ಷನ್ ಹಾಕುತ್ತಿದ್ದರು. ಶುಗರ್‌ಲೆಸ್ಸು ಬರುವ ಮೊದಲು ಮೇಷ್ಟ್ರು ನಮ್ಮ ಗಾಜಿನ ಕಪಾಟಿನ ಮುಂದೆ ಸುಮ್ಮನೆ ನಿಂತು, "ನೋಡೋದ್ರಿಂದ ಏನೂ ಏರಲ್ಲ ಅಲ್ವೇನಮ್ಮಾ?" ಎಂದು ಹೋಗಿಬಿಡುತ್ತಿದ್ದರು. ಬಂದ ಮೇಲೆ ದಿನಕ್ಕೆ ಎರಡು, ತಪ್ಪದೆ. ಒಂದನ್ನು ಅಲ್ಲೇ ನಿಂತು ಕಣ್ಣು ಮುಚ್ಚಿ ತಿನ್ನುವರು. ಎಪ್ಪತ್ತು ದಾಟಿದ ಮನುಷ್ಯ ಹಾಗೆ ತಿನ್ನುವುದನ್ನು ನೋಡಿದಾಗ ನನಗೆ ಸಂತೋಷವೂ ಆಗುತ್ತಿತ್ತು, ಭಯವೂ ಆಗುತ್ತಿತ್ತು.

ಒಂದು ಸಲ ನನಗೆ ಜ್ವರ ಬಂದು ವಾರ ಮಲಗಿದೆ. ಕೋಣೆಯ ಕೆಲಸವನ್ನು ಪೌಲೋಸಣ್ಣ ನೋಡಿಕೊಂಡರು. ಎದ್ದು ಬಂದ ದಿನ, ಅಭ್ಯಾಸದಂತೆ, ಹಿಂದಿನ ದಿನದ ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಬಣ್ಣ ನಾನು ಮಾಡಿದ್ದಕ್ಕಿಂತ ಚೆಂದ. ಹೊಳಪೂ ಇತ್ತು. ನಾಲಿಗೆಯ ಹಿಂಭಾಗದಲ್ಲಿ ಒಂದು ಪರಿಮಳ ನಿಂತಿತು. ದೋಸೆಯ ಜೊತೆ ಬಾಲ್ಯದಿಂದ ತಿಂದ ಪರಿಮಳ. ಅದು ಗೊತ್ತಾಗಲು ಯಾರ ಸಹಾಯವೂ ಬೇಕಿರಲಿಲ್ಲ.

"ಪೌಲೋಸಣ್ಣ, ಇದಕ್ಕೆ ಎಂತ ಹಾಕಿದ್ರಿ?"

"ಅದಾ? ನಿಮ್ಮ ಹಾಗೆ ಒಂದೂವರೆ ಗಂಟೆ ತಿರುಗಿಸ್ತಾ ಕೂತ್ರೆ ಬ್ರೆಡ್ ಯಾರು ಮಾಡೋದು? ಬಣ್ಣಕ್ಕೆ ಎರಡು ಸೌಟು ಜೋನಿ ಬೆಲ್ಲ ಹಾಕಿದೆ. ನೋಡಿ, ಎಷ್ಟು ಲಾಯ್ಕ ಬಂದಿದೆ."

"ಸಕ್ಕರೆ ಹಾಕ್ಬಾರ್ದು ಅಂತ ಹೇಳಿದ್ದೆ ಅಲ್ದಾ?"

"ಸಕ್ಕರೆ ಎಲ್ಲಿ ಹಾಕಿದೆ? ಒಂದು ಕಾಳೂ ಹಾಕಿಲ್ಲ, ದೇವರಾಣೆ. ಇದು ಬೆಲ್ಲ. ಗದ್ದೆಯಿಂದ ಬಂದದ್ದು."

ಅವರನ್ನು ನೋಡಿ ನೀವು ನಗಬೇಡಿ. ಆಗ ನಮ್ಮ ಕಡೆ ಸಕ್ಕರೆ ಕಾಯಿಲೆ ಬಂದ ಎಷ್ಟೋ ಮನೆಗಳಲ್ಲಿ ಸಕ್ಕರೆ ಡಬ್ಬಿ ಮುಚ್ಚಿಟ್ಟು ಕಾಫಿಗೆ ಬೆಲ್ಲ ಹಾಕಿಕೊಳ್ಳುವುದೇ ಪಥ್ಯವಾಗಿತ್ತು. ಸಕ್ಕರೆ ಎಂದರೆ ಕಾರ್ಖಾನೆಯದು, ಬೆಲ್ಲ ಎಂದರೆ ಮನೆಯದು, ಮನೆಯದು ಯಾರಿಗೆ ಕೆಡುಕು ಮಾಡೀತು ಎಂಬ ನಂಬಿಕೆ. ನನ್ನ ಅಮ್ಮನೂ ಹಾಗೇ ಕುಡಿಯುತ್ತಿದ್ದಳು. ನಾನು 'ಸಕ್ಕರೆ ಬೇಡ' ಎಂದು ಗೋಡೆಯ ಮೇಲೆ ಬರೆದಿದ್ದೆನೇ ಹೊರತು 'ಬೆಲ್ಲ ಬೇಡ' ಎಂದು ಬರೆದಿರಲಿಲ್ಲ. ತಪ್ಪು ಅರ್ಧ ನನ್ನದೇ.

ಆರು ದಿನದ ಮಾಲು. ಫೋನ್ ಮಾಡಿ, ಬಸ್ ಹತ್ತಿ, ಶೃಂಗೇರಿ, ಎನ್.ಆರ್. ಪುರದ ಅಂಗಡಿಗಳಿಂದ ಉಳಿದದ್ದನ್ನೆಲ್ಲ ವಾಪಸ್ ತಂದೆ. ಬಿಸಿಗೆ ಹಾಳಾಗಿದೆ ಎಂದು ಸುಳ್ಳು ಹೇಳಿದೆ. ತಿಂದವರ ಹೊಟ್ಟೆಯಿಂದ ವಾಪಸ್ ತರುವುದು ಹೇಗೆ? ವಾಮನಣ್ಣನಿಗೆ ಹೇಳಿದಾಗ ಅವರು ಗಲ್ಲಾ ಬಿಟ್ಟು ಎದ್ದು ಬಂದು ಕೋಣೆಯ ಬಾಗಿಲು ಹಾಕಿದರು.

"ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ. ಮೇಷ್ಟ್ರಿಗೆ ಹೇಳ್ಬೇಕು ವಾಮನಣ್ಣ. ದಿನಾ ತಿಂದಿದಾರೆ."

"ಹೇಳಿ? ಊರಿಗೆಲ್ಲ ಡಂಗುರ ಹೊಡ್ಸಿ ಅಂಗಡಿಗೆ ಬೀಗ ಹಾಕೋದಾ? ಹನ್ನೊಂದು ಜನ ಇದೀರಿ ಇಲ್ಲಿ. ಆಗಿದ್ದು ಆಯ್ತು, ಇನ್ನು ಆಗೋದು ಬೇಡ. ಬಾಯಿ ಮುಚ್ಕೊಂಡಿರು ಮಾರಾಯ್ತಿ."

ವಾಮನಣ್ಣ ಹೇಳಿದ್ದಕ್ಕೆ ಸುಮ್ಮನಾದೆ ಎಂದು ಬರೆದರೆ ಸುಲಭ. ನಿಜ ಅದಲ್ಲ. ಅವರು ಹೇಳು ಎಂದಿದ್ದರೂ ನಾನು ಹೇಳುತ್ತಿದ್ದೆನೋ ಇಲ್ಲವೋ. ಮಾರನೆಯ ದಿನ ಮೇಷ್ಟ್ರು ಬಂದಾಗ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ.

"ಸಾರ್, ಆರೋಗ್ಯ ಹೇಗಿದೆ?"

"ಹೋದ ವಾರ ಯಾಕೋ ಶುಗರ್ ಏರ್ಬಿಟ್ಟಿತ್ತಂತಮ್ಮ. ಡಾಕ್ಟರಮ್ಮ ಬೈದ್ರು, ಇಂಜೆಕ್ಷನ್ನು ಜಾಸ್ತಿ ಮಾಡಿದ್ರು. ಗಿರಿಜಾ ಅಂತೂ ಅನ್ನ ಅಳತೆ ಮಾಡಿ ಹಾಕ್ತಾಳೆ. ಕದ್ದು ತಿಂದಿದೀನಿ ಅಂತ ಅವಳಿಗೆ ಅನುಮಾನ. ನಿನ್ನಾಣೆ ಸುಮಿತ್ರಾ, ಈ ಎರಡು ಬಿಟ್ರೆ ಸಿಹಿ ಅಂತ ಬಾಯಿಗೆ ಹಾಕಿಲ್ಲ."

ಆ ಎರಡನ್ನು ಕಾಗದದಲ್ಲಿ ಸುತ್ತಿ ಅವರ ಕೈಗೆ ಕೊಟ್ಟೆ. ಅವತ್ತಿನದು ನಾನೇ ಮಾಡಿದ್ದು, ಒಂದು ಹನಿ ಬೆಲ್ಲ ಇಲ್ಲದ್ದು. ಇನ್ನು ಎಲ್ಲ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ತಲೆಗೆ ಹೊಳೆಯದೆ ಹೋದದ್ದು ಒಂದೇ. ಬೆಲ್ಲಕ್ಕಾಗಿ ಏರಿಸಿದ ಇಂಜೆಕ್ಷನ್ ಈಗ ಬೆಲ್ಲವಿಲ್ಲದೆಯೂ ಅಷ್ಟೇ ಏರಿಯೇ ಇತ್ತು.

ಎರಡು ವಾರ ಕಳೆದ ಮೇಲೆ ಮೇಷ್ಟ್ರು ಚಿಲ್ಲರೆ ಕೊಡುವಾಗ ನಾಣ್ಯ ಬೀಳಿಸಿದರು. "ಸಂಜೆ ಹೊತ್ತು ಯಾಕೋ ಕೈ ನಡುಗುತ್ತಮ್ಮ, ವಯಸ್ಸಾಯ್ತು," ಎಂದರು. ನಾನು ನಾಣ್ಯ ಹೆಕ್ಕಿಕೊಟ್ಟೆ. ಅಷ್ಟೇ ಮಾಡಿದ್ದು.

ಗುರುವಾರ ಶೃಂಗೇರಿಗೆ ಪೆಟ್ಟಿಗೆ ಮುಟ್ಟಿಸಿ ಬರುವುದು ನನ್ನ ಕೆಲಸ. ಅಂಥ ಒಂದು ಗುರುವಾರ ಮಧ್ಯಾಹ್ನ, ವಾಪಸ್ ಬರುವ ಬಸ್ಸಿನಲ್ಲಿ ಮೇಷ್ಟ್ರೂ ಗಿರಿಜಮ್ಮನೂ ಸಿಕ್ಕಿದರು. ಯಾರದೋ ಮದುವೆಗೆ ಬಂದಿದ್ದರಂತೆ. ಮುಹೂರ್ತ ತಡ, ಪಂಕ್ತಿ ಇನ್ನೂ ತಡ, ಈ ಬಸ್ ತಪ್ಪಿದರೆ ಸಂಜೆಯೇ ಗತಿ ಎಂದು ಊಟ ಬಿಟ್ಟು ಹತ್ತಿದ್ದರು. ಬೆಳಗಿನ ಇಂಜೆಕ್ಷನ್ ಮಾತ್ರ ತಪ್ಪಿಸಿರಲಿಲ್ಲ. ನನಗೆ ಅವರಿಗಿಂತ ಎರಡು ಸೀಟು ಹಿಂದೆ ಜಾಗ ಸಿಕ್ಕಿತು.

ಹರಿಹರಪುರ ಇನ್ನೂ ಬಂದಿರಲಿಲ್ಲ. ಮುಂದಿನಿಂದ ಒಂದು ದೊಡ್ಡ ಧ್ವನಿ ಕೇಳಿತು.

"ಸಾವಧಾನ್!"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಮೇಷ್ಟ್ರು ಎದ್ದು ನಿಂತಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ಕಣ್ಣು ನಮ್ಮ ಯಾರ ಮೇಲೂ ಇರಲಿಲ್ಲ. "ವಿಶ್ರಾಮ್! ಏಯ್, ಹಿಂದಿನ ಸಾಲು, ಕಾಲು ಸರಿ ಮಾಡ್ಕೊಳ್ಳಿ!"

ಹಿಂದಿನ ಸಾಲಿನಲ್ಲಿದ್ದವರು ನಕ್ಕರು. ಕಂಡಕ್ಟರ್ ಬಂದು, "ಎಂತ ಮಾರಾಯ್ರೆ, ಮಧ್ಯಾಹ್ನಕ್ಕೇ ಹಾಕ್ಕೊಂಡು ಹತ್ತಿದ್ರಾ?" ಎಂದ.

"ಕುಡಿಯೋರಲ್ಲಪ್ಪ ಅವ್ರು, ಶುಗರ್ ಪೇಶಂಟು!" ಗಿರಿಜಮ್ಮ ಅವರನ್ನು ಎಳೆದು ಕೂರಿಸಿದರು. ಮೇಷ್ಟ್ರ ತಲೆ ಕಿಟಕಿಗೆ ಬಡಿಯಿತು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. "ಡಾಕ್ಟರಮ್ಮ ಹೇಳಿದಾರೆ, ಹಿಂಗೆ ಬೆವರು ಬಂದ್ರೆ ಸಿಹಿ ಕೊಡಿ ಅಂತ. ಇದೆ, ನನ್ನ ಹತ್ರ ಇದೆ," ಎನ್ನುತ್ತಾ ಅವರು ಚೀಲದೊಳಗೆ ಕೈ ಹಾಕಿದರು. ಹೊರಗೆ ತೆಗೆದದ್ದು ನನ್ನ ಕೈಯಾರೆ ಸುತ್ತಿದ ಕಾಗದ.

ಮೇಷ್ಟ್ರ ಬಾಯಿಗೆ ಅದನ್ನು ತುರುಕಿದರು. ಅವರು ಅಗಿದರು. ಇನ್ನೇನು ಸರಿಹೋಗುತ್ತದೆ ಎಂದು ಅಕ್ಕಪಕ್ಕದವರು ಕಾದರು.

ಇಡೀ ಬಸ್ಸಿನಲ್ಲಿ ನನಗೊಬ್ಬಳಿಗೆ ಗೊತ್ತಿತ್ತು, ಅದು ತೌಡು ತಿನ್ನಿಸಿದ ಹಾಗೆ ಎಂದು. ಸಕ್ಕರೆಯ ಒಂದು ಕಣವೂ ಒಳಗೆ ಹೋಗದ ಹಾಗೆ ನಾನೇ ಕಾವಲು ಕಾದಿದ್ದೆ, ಕೆಂಪು ದಾರ ಕಟ್ಟಿ, ಕೈ ತೊಳೆಸಿ. ಎದ್ದು ಕೂಗಬೇಕಿತ್ತು. ನಾನು ಏಳಲಿಲ್ಲ. ಮುಂದಿನ ಸೀಟಿನ ಸರಳನ್ನು ಹಿಡಿದು ಕೂತೇ ಇದ್ದೆ. ಆಗ ನನ್ನ ಮನಸ್ಸು ಬೇಡಿಕೊಂಡದ್ದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ. ದೇವರೇ, ಇದು ಪೌಲೋಸಣ್ಣನ ಬೆಲ್ಲದ್ದೇ ಆಗಿರಲಿ. ಗಿರಿಜಮ್ಮನ ಚೀಲದಲ್ಲಿ ಹಳೆಯದೊಂದು ಉಳಿದಿರಲಿ, ಅದೇ ಆಗಿರಲಿ.

ಆದರೆ ಕಾಗದದ ಮೇಲೆ ದಿನಕ್ಕೊಂದು ಬಣ್ಣದ ಗುರುತು ಹಾಕುತ್ತಿದ್ದವಳೂ ನಾನೇ. ಅದು ಹಿಂದಿನ ದಿನದ ಹಸಿರು ಗುರುತು.

ಮೇಷ್ಟ್ರ ಬಾಯಿಂದ ಅಗಿದದ್ದು ಕೆಳಗೆ ಬಿತ್ತು. ಕಣ್ಣು ಮೇಲಕ್ಕೆ ಹೊರಳಿತು. ಅದನ್ನು ನೋಡಿದ ಮೇಲೆ ನಾನು ಹೇಗೆ ಮುಂದೆ ಹೋದೆನೋ ಗೊತ್ತಿಲ್ಲ.

"ಕೊಡ್ಬೇಡಿ! ಅದು ಬೇಡ! ಅದ್ರಲ್ಲಿ ಸಕ್ಕರೆ ಇಲ್ಲ!"

ಗಿರಿಜಮ್ಮ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. "ಸಿಹಿ ಇದೆಯಲ್ಲೇ! ನಾನೇ ತಿಂದು ನೋಡಿದೀನಿ!"

"ಸಿಹಿ ಇದೆ ಅಮ್ಮ, ಸಕ್ಕರೆ ಇಲ್ಲ. ಇದು ರಕ್ತಕ್ಕೆ ಸೇರಲ್ಲ. ಸಕ್ಕರೆ ಬೇಕು. ಯಾರ ಹತ್ರ ಆದ್ರೂ ಸಕ್ಕರೆ ಇದೆಯಾ? ಬೆಲ್ಲ? ಏನಾದ್ರೂ!"

ನಾನು ಬೆಲ್ಲ ಕೇಳಿದೆ! ಕೇಳುವಾಗಲೇ ನನ್ನ ಕಿವಿಗೆ ಅದು ಬಿತ್ತು.

ಡ್ರೈವರ್ ಬಸ್ ನಿಲ್ಲಿಸಿದ. ಅಕ್ಕಪಕ್ಕ ಕಾಡು, ಒಂದು ಗೂಡಂಗಡಿಯೂ ಇಲ್ಲ. ಹಿಂದಿನಿಂದ ಯಾತ್ರೆಗೆ ಬಂದಿದ್ದ ಒಬ್ಬಾಕೆ ಸೆರಗಿನ ಗಂಟು ಬಿಚ್ಚುತ್ತಾ ಬಂದರು. "ಕಲ್ಲುಸಕ್ಕರೆ ಐತೆ. ಪ್ರಸಾದದ್ದು. ಆಗ್ತೈತಾ?"

ಆಗುತ್ತದೆ. ಆದರೆ ಅರ್ಧ ಎಚ್ಚರ ತಪ್ಪಿದವರ ಬಾಯಿಗೆ ಕಲ್ಲು ಹಾಕುವುದು ಹೇಗೆ? ಟಿಫನ್ ಬಾಕ್ಸಿನ ಮುಚ್ಚಳದಲ್ಲಿ ಅದನ್ನು ಹಾಕಿ, ಕಂಡಕ್ಟರ್ ಕೊಟ್ಟ ಸ್ಪ್ಯಾನರಿನಿಂದ ಜಜ್ಜಿದೆ. ಅರ್ಧ ಚೆಲ್ಲಿತು. ಉಳಿದದ್ದನ್ನು ನೀರಿನಲ್ಲಿ ಕದಡಿ, ಕಂಡಕ್ಟರ್ ಮೇಷ್ಟ್ರ ತಲೆ ಎತ್ತಿ ಹಿಡಿದಾಗ, ಬೆರಳಿನಿಂದ ಕೆನ್ನೆಯ ಒಳಗೆ ಸವರಿದೆ. ಸವರಿದೆ, ಕಾದೆ, ಮತ್ತೆ ಸವರಿದೆ. ನುಂಗಿದರು. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕುಡಿಸಿದೆವು. ಹಿಂದಿನ ಸಾಲಿನವರೂ ನಗುತ್ತಿರಲಿಲ್ಲ. ಎಷ್ಟು ಹೊತ್ತಾಯಿತೆಂದು ನನಗೆ ಹೇಳಲು ಬರುವುದಿಲ್ಲ. ಒಂದೂವರೆ ಗಂಟೆ ಕ್ಯಾರಮೆಲ್ ತಿರುಗಿಸುತ್ತಿದ್ದವಳಿಗೆ ಅದಕ್ಕಿಂತ ಉದ್ದ ಅನ್ನಿಸಿತು.

ಕೊನೆಗೆ ಮೇಷ್ಟ್ರು ಕಣ್ಣು ಬಿಟ್ಟು, ಸುತ್ತ ನೆರೆದವರನ್ನು ನೋಡಿ, "ಯಾಕೆ ಎಲ್ರೂ ನಿಂತಿದೀರಿ? ಕೂತ್ಕೊಳ್ಳಿ," ಎಂದರು. ಪ್ರಸಾದ ಕೊಟ್ಟ ಹೆಂಗಸು ಅಳತೊಡಗಿದರು.

ಕೊಪ್ಪಕ್ಕೆ ಬಂದವರೇ ಸೀದಾ ಕ್ಲಿನಿಕ್ಕಿಗೆ. ಡಾಕ್ಟರಮ್ಮ ಬೆರಳು ಚುಚ್ಚಿ ನೋಡಿ, ಇನ್ನಷ್ಟು ಗ್ಲೂಕೋಸ್ ಕುಡಿಸಿ, ಮೇಷ್ಟ್ರ ಕಡತ ತೆರೆದರು.

"ಒಂದು ಊಟ ತಪ್ಪಿದ್ದಕ್ಕೆ ಇಷ್ಟು ಇಳೀಬಾರ್ದಿತ್ತು. ಹೋದ ತಿಂಗಳು ಅಷ್ಟು ಏರಿದ್ದು ಯಾಕೆ ಅಂತಲೂ ನಂಗೆ ಗೊತ್ತಾಗಿಲ್ಲ. ಏನೋ ಒಂದು ಲೆಕ್ಕ ತಪ್ತಾ ಇದೆ."

ಮೇಷ್ಟ್ರು ನನ್ನ ಕೈ ಹಿಡಿದುಕೊಂಡಿದ್ದರು. "ಇವಳಿಲ್ದಿದ್ರೆ ನಾನು ಇವತ್ತು ಇರ್ತಿರ್ಲಿಲ್ಲ ಡಾಕ್ಟ್ರೇ. ನನ್ನ ಸ್ಟೂಡೆಂಟು."

ಬಸ್ಸಿನಲ್ಲಿ ಆಗದಷ್ಟು ಭಯ ನನಗೆ ಆ ಹೊಗಳಿಕೆಯಲ್ಲಿ ಆಯಿತು. ಸುಮ್ಮನೆ ಕೈ ಮುಗಿದು ಹೊರಬಂದಿದ್ದರೆ ಊರಿನಲ್ಲಿ ನನ್ನ ಹೆಸರು ದೊಡ್ಡದಾಗುತ್ತಿತ್ತು. ಇಂಜೆಕ್ಷನ್ ಹಾಗೇ ಉಳಿಯುತ್ತಿತ್ತು. ಮುಂದಿನ ಸಲ ಮನೆಯಲ್ಲಿ, ಗಿರಿಜಮ್ಮ ಬಟ್ಟೆ ಒಣಹಾಕಲು ಹೊರಗೆ ಹೋಗಿರುವಾಗ ಆದರೆ? ಯಾರು ಓಡಿ ಬರುತ್ತಾರೆ? ಡಾಕ್ಟರಮ್ಮನಿಗೆ ಹೇಳಿದೆ. ಜ್ವರ, ಜೋನಿ ಬೆಲ್ಲ, ಎರಡು ಸೌಟು, ಎಲ್ಲ.

ಡಾಕ್ಟರಮ್ಮನ ಪೆನ್ನು ನಿಂತಿತು. "ಎಷ್ಟು ದಿನ ಬೆಲ್ಲ ಹಾಕಿದ್ರು?"

"ಆರು ದಿನ."

"ನಿಮ್ಗೆ ಗೊತ್ತಾಗಿ ಎಷ್ಟು ದಿನ ಆಯ್ತು?"

"ಇಪ್ಪತ್ತೆರಡು."

ಗಿರಿಜಮ್ಮ ಗೋಡೆಗೆ ಒರಗಿ ನಿಂತಿದ್ದವರು ಮೆಲ್ಲಗೆ, ನನ್ನ ಮುಖ ನೋಡದೆ ಹೇಳಿದರು. "ಇಪ್ಪತ್ತೆರಡು ದಿನ ನಾನೇ ಕೈಯಾರೆ ಸೂಜಿ ಚುಚ್ಚಿದೀನಲ್ಲೇ."

ಮೇಷ್ಟ್ರು ನನ್ನ ಕೈ ಬಿಟ್ಟರು. ಡಾಕ್ಟರಮ್ಮ ಹಳೆಯ ಅಳತೆಗೆ ಇಂಜೆಕ್ಷನ್ ಇಳಿಸಿ ಬರೆದುಕೊಟ್ಟರು. ನಾನು ಒಬ್ಬಳೇ ನಡೆದುಕೊಂಡು ಬೇಕರಿಗೆ ಬಂದೆ.

ವಾಮನಣ್ಣ ಬೈದರು. ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ವಾರ ಮಾತು ಬಿಟ್ಟರು. ಆಮೇಲೆ ಒಂದು ದಿನ ಅವರೇ ಪ್ರೆಸ್ಸಿಗೆ ಹೋಗಿ ಹೊಸ ಕಾಗದ ಅಚ್ಚು ಹಾಕಿಸಿ ತಂದರು. ಏನೇನು ಹಾಕಿದೆ ಎಂಬುದೆಲ್ಲ ಕನ್ನಡದಲ್ಲಿ, ಕೆಳಗೆ ನಾನು ಹೇಳಿದ್ದ ಸಾಲು: 'ಬೆವರು ಬಂದು ತಲೆ ತಿರುಗಿದಾಗ ಇದನ್ನು ಕೊಡಬೇಡಿ. ಇದರಲ್ಲಿ ಸಕ್ಕರೆ ಇಲ್ಲ. ಸಕ್ಕರೆ ಕೊಡಿ.'

"ಕೊಡ್ಬೇಡಿ ಅಂತ ಬರ್ದು ಮಾರೋ ಬೇಕರಿ ಈ ಲೋಕದಲ್ಲಿ ನಮ್ಮದೊಂದೇ ಪುಕ್ಕಲಿ," ಎಂದು ಕಟ್ಟನ್ನು ನನ್ನ ಮುಂದೆ ಎಸೆದರು. ಪೌಲೋಸಣ್ಣ ಮಾತ್ರ ಮೊದಲಿನ ಹಾಗೆ ಆಗಲಿಲ್ಲ. ವಿಷಯ ತಿಳಿದ ದಿನ ಮೇಷ್ಟ್ರ ಮನೆಗೆ ಹೋಗಿ ಜಗಲಿಯಲ್ಲಿ ಕೂತು ಬಂದರಂತೆ. ಆಮೇಲೆ ತಕ್ಕಡಿ ಇಲ್ಲದೆ ಉಪ್ಪನ್ನೂ ಹಾಕುತ್ತಿರಲಿಲ್ಲ. ಅವರ ಆ ಕೈ ಅಳತೆಯನ್ನು ನಾನು ಕೆಡಿಸಿದೆ ಎಂದು ಈಗಲೂ ಬೇಸರವಾಗುತ್ತದೆ. ಮುಂದೆ ಕರೆಂಟಿನ ಓವನ್ ಬಂತು, ಬಿಸಿಗೂ ಅಂಕಿ ಬಂತು, ಅಂಗೈ ಒಡ್ಡುವವರೇ ಇಲ್ಲವಾದರು.

ಎರಡು ತಿಂಗಳು ಮೇಷ್ಟ್ರು ನಮ್ಮ ಅಂಗಡಿಯ ಕಡೆ ಸುಳಿಯಲಿಲ್ಲ. ಮೂರನೆಯ ತಿಂಗಳು ಒಂದು ಬೆಳಗ್ಗೆ ಗಾಜಿನ ಕಪಾಟಿನ ಮುಂದೆ ನಿಂತಿದ್ದರು. ಗಿರಿಜಮ್ಮ ರಸ್ತೆಯ ಆಚೆ ಬದಿಯಲ್ಲಿ, ಬೆನ್ನು ಹಾಕಿ.

"ಇವತ್ತಿಂದು ಮಾಡಿದ್ದು ಯಾರು?"

"ನಾನೇ ಸಾರ್."

"ನೆಟ್ಟಗೆ ನಿಲ್ಲು. ಏನೇನು ಹಾಕಿದೀಯ ಹೇಳು."

ಕೈ ಒರೆಸಿಕೊಂಡು ನೆಟ್ಟಗೆ ನಿಂತೆ. ಬಾದಾಮಿ ಪುಡಿಯಿಂದ ಶುರು ಮಾಡಿ ಒಂದೊಂದಾಗಿ ಹೇಳಿದೆ. ಹೇಳಿ ಮುಗಿಸಿದ ಮೇಲೂ ಅವರು ಕಾಯುತ್ತಾ ನಿಂತರು. ಆಮೇಲೆ ನನಗೆ ಹೊಳೆಯಿತು. "ಸಕ್ಕರೆ ಇಲ್ಲ. ಬೆಲ್ಲ ಇಲ್ಲ." ಆಗ ಚಿಲ್ಲರೆ ಇಟ್ಟು ಒಂದು ತೆಗೆದುಕೊಂಡು ಜೇಬಿಗೆ ಹಾಕಿದರು. ಅಲ್ಲಿ ನಿಂತು ತಿನ್ನಲಿಲ್ಲ, ಕಣ್ಣು ಮುಚ್ಚಲಿಲ್ಲ. ಅಂಗಿಯ ಇನ್ನೊಂದು ಜೇಬು ತಟ್ಟಿ ತೋರಿಸಿದರು. ಅದರಲ್ಲಿ ಕಲ್ಲುಸಕ್ಕರೆಯ ಪೊಟ್ಟಣವಿತ್ತು.

ಅಲ್ಲಿಂದ ಮುಂದೆ ಅವರು ಬಂದಾಗಲೆಲ್ಲ ಹಾಗೇ. ಬೇರೆ ಗಿರಾಕಿಗಳು ಇದ್ದರೂ ಬಿಡುತ್ತಿರಲಿಲ್ಲ. ಜನ ನಗುತ್ತಿದ್ದರು. ನಾನು ಒಂದು ಸಲವೂ ನಗಲಿಲ್ಲ. ಪ್ರತಿ ಸಲ ಹೇಳುವಾಗ ಬೆಳಗಿನ ಕೆಲಸವೆಲ್ಲ ಕಣ್ಣ ಮುಂದೆ ಹಾದುಹೋಗುತ್ತಿತ್ತು, ಯಾವ ಡಬ್ಬಿ, ಯಾವ ಸೌಟು, ಯಾರ ಕೈ. ಎಲ್ಲಾದರೂ ಒಂದು ಕ್ಷಣ ಅನುಮಾನ ಬಂದರೆ ಆ ದಿನದ ತಟ್ಟೆಯನ್ನೇ ಒಳಗೆ ಇಡುತ್ತಿದ್ದೆ. ಎರಡು ಸಲ ಹಾಗೆ ಇಟ್ಟಿದ್ದೇನೆ. ಎರಡೂ ಸಲ ಮೇಷ್ಟ್ರು ಬರಿಗೈಯಲ್ಲಿ ಹೋದರು. ಗಿರಿಜಮ್ಮ ಮಾತ್ರ ರಸ್ತೆ ದಾಟಿ ಈಚೆ ಬಂದವರೇ ಅಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ಮೇಷ್ಟ್ರು ತೀರಿಕೊಂಡರು. ವಯಸ್ಸಾಗಿತ್ತು, ನಿದ್ದೆಯಲ್ಲೇ ಹೋದರು. ಸಕ್ಕರೆ ಇಳಿದು ಅಲ್ಲ ಎಂದು ಡಾಕ್ಟರಮ್ಮ ತಾವಾಗಿಯೇ ನನ್ನನ್ನು ಕರೆದು ಹೇಳಿದರು. ನಾನು ಕೇಳಿರಲಿಲ್ಲ. ಕೇಳಲು ಹೆದರಿದ್ದೆ.

ವರ್ಷವಾದ ಮೇಲೆ, ನಾನು ಕೆಲಸ ಬಿಡುವುದಕ್ಕೆ ಕೆಲವೇ ದಿನ ಇರುವಾಗ, ಗಿರಿಜಮ್ಮ ರಸ್ತೆ ದಾಟಿ ಬಂದರು. ಮೆಟ್ಟಿಲು ಹತ್ತಿ, ಮೇಷ್ಟ್ರು ನಿಲ್ಲುತ್ತಿದ್ದ ಜಾಗದಲ್ಲೇ ನಿಂತರು. ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟೆ.

"ನಂಗೂ ಬಂದಿದೆಯಂತೆ ಕಣೇ, ಶುಗರ್ರು," ಎಂದರು. ಆಮೇಲೆ ಗಾಜಿನೊಳಗೆ ನೋಡುತ್ತಾ, "ಏನೇನು ಹಾಕಿದೀಯ, ಹೇಳು."

ನಾನು ಕೈ ಒರೆಸಿಕೊಂಡು ನೆಟ್ಟಗೆ ನಿಂತೆ.